ಮಗಳು ಹಾಸ್ಟೆಲಿಗೆ ಹೋದಳು, ಬಾಡಿಗೆ ಹೋಗಲಿಲ್ಲ

ಕೆಸಿಇಟಿ ಸೀಟು ಹಂಚಿಕೆಯ ದಿನಗಳಲ್ಲಿ ಬಡಾವಣೆಯ ಸೈಬರ್ ಸೆಂಟರುಗಳ ಮುಂದೆ ಹೋಗಿ ನಿಂತರೆ ಕೇಳಿಸುವ ಮಾತುಗಳಲ್ಲಿ ಅರ್ಧ ಹಣದ್ದೇ. ‘ಹಾಸನ ಮೇಲಿಡೋಣ್ವಾ, ಇಲ್ಲಿರೋ ಪ್ರೈವೇಟ್ ಕಾಲೇಜು ಮೇಲಿಡೋಣ್ವಾ?’ ಮಗಳಿಗೆ ಬ್ರ್ಯಾಂಚಿನ ಚಿಂತೆ. ಪಕ್ಕದಲ್ಲಿ ಕೂತ ಅಮ್ಮ ಬೆರಳು ಮಡಿಸುತ್ತಿರುತ್ತಾರೆ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಹಾಸನದಲ್ಲಿದೆ, ರಾಮನಗರದಲ್ಲಿದೆ, ಕುಶಾಲನಗರ, ಕಾರವಾರ, ಹಾವೇರಿಗಳಲ್ಲಿವೆ. ಅಲ್ಲಿ ಫೀಸು ಕಡಿಮೆ, ಹಾಸ್ಟೆಲ್ ಖರ್ಚು ಹೊಸದು. ಬೆಂಗಳೂರಿನ ಖಾಸಗಿ ಕಾಲೇಜಾದರೆ ಫೀಸು ಹೆಚ್ಚು, ಮಗಳು ಮನೆಯಲ್ಲೇ ಇರುತ್ತಾಳೆ, ಬಿಎಂಟಿಸಿಯಲ್ಲಿ ಓಡಾಡುತ್ತಾಳೆ. ಕೆ.ಆರ್. ವೃತ್ತದ ಯುವಿಸಿಇ ಸಿಕ್ಕರೆ ಎರಡೂ ಉಳಿಯುತ್ತವೆ, ಆದರೆ ಅದಕ್ಕೆ ಬೇಕಾದ ರ‍್ಯಾಂಕು ಎಷ್ಟು ಜನಕ್ಕೆ ಬರುತ್ತದೆ? ಹೀಗೆ ಆಪ್ಷನ್ ಎಂಟ್ರಿಯ ರಾತ್ರಿ ಒಂದು ಕುಟುಂಬದ ಮುಂದಿನ ನಾಲ್ಕು ವರ್ಷದ ಮನೆ ಬಾಡಿಗೆಯೂ ನಿರ್ಧಾರವಾಗಿಬಿಡುತ್ತದೆ. ಇಬ್ಬರು ದುಡಿಯುವ ಮನೆಯಲ್ಲಿ ಇದು ಗೊತ್ತೂ ಆಗುವುದಿಲ್ಲ. ಒಬ್ಬರೇ ದುಡಿದು, ಬಾಡಿಗೆ ಮನೆಯಲ್ಲಿ ಮಗುವನ್ನು ಬೆಳೆಸಿದವರಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ಮಗಳು ಹೊರಟ ಮೇಲೆ ನೆಂಟರು ಫೋನು ಮಾಡಿ ಹೇಳುವ ಮಾತು ಒಂದೇ: ‘ಇನ್ನೇನಮ್ಮ, ಒಬ್ಬಳೇ ತಾನೆ, ಖರ್ಚೆಲ್ಲ ಕಡಿಮೆ ಆಯ್ತಲ್ಲ.’ ಸಮಾಧಾನಕ್ಕೆ ಹೇಳುವುದು, ಸರಿ. ಆದರೆ ಓನರು ಬಾಡಿಗೆ ಕೇಳುವುದು ಗೋಡೆಗಳ ಲೆಕ್ಕದಲ್ಲಿ, ಉಣ್ಣುವ ಬಾಯಿಗಳ ಲೆಕ್ಕದಲ್ಲಲ್ಲ. ಒಬ್ಬರು ಹೊರಟರೆ ಮನೆ ಅರ್ಧ ಆಗುವುದಿಲ್ಲ, ಎರಡು ಆಗುತ್ತದೆ. ಒಂದು ಇಲ್ಲಿ, ಇನ್ನೊಂದು ಹಾಸ್ಟೆಲಿನ ಮಂಚದ ಮೇಲೆ. ಎರಡಕ್ಕೂ ಹಣ ಹೋಗುವುದು ಒಂದೇ ಸಂಬಳದಿಂದ.

ನನಗೆ ಪರಿಚಯದ ಒಬ್ಬರು ಖಾಸಗಿ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿದ್ದಾರೆ. ಕೈಗೆ ಬರುವುದು 34,000. ನಾಗರಬಾವಿ ಕಡೆ ಎರಡು ಕೋಣೆಯ ಮನೆ, ಬಾಡಿಗೆ 16,000. ಮಗಳಿಗೆ ಹಾಸನದಲ್ಲಿ ಸೀಟು ಸಿಕ್ಕಿತು. ಅವರು ಡೈರಿಯಲ್ಲಿ ಬರೆದಿಟ್ಟ ಲೆಕ್ಕ ಹೀಗಿದೆ. ಒಂದು ಲೀಟರ್ ಹಾಲು ಅರ್ಧಕ್ಕೆ ಇಳಿಯಿತು. ಗ್ಯಾಸ್ ಸಿಲಿಂಡರ್ ಹೆಚ್ಚು ದಿನ ಬಂತು. ತರಕಾರಿ, ಬೇಳೆ, ಆಟೋ, ಶಾಂಪೂ ಎಲ್ಲ ಸೇರಿ ಉಳಿದದ್ದು ಎರಡೂವರೆ ಸಾವಿರ. ಹಾಸ್ಟೆಲ್ ಮತ್ತು ಮೆಸ್ ಆರೂವರೆ ಸಾವಿರ, ಮಗಳ ಕೈಖರ್ಚು, ಜೆರಾಕ್ಸು, ರೆಕಾರ್ಡ್ ಬುಕ್ಕು ಒಂದೂವರೆ ಸಾವಿರ. ಅಲ್ಲಿಗೆ ಏರಿದ್ದು ಎಂಟು ಸಾವಿರ. ‘ಪಿಯುಸಿ ಟ್ಯೂಷನ್ ನಿಂತಿತಲ್ಲ’ ಎಂದೆ. ನಕ್ಕರು. ಟ್ಯೂಷನ್ ನಿಂತಿದೆ, ಆದರೆ ಟ್ಯೂಷನ್ನಿಗೆಂದು ಎತ್ತಿದ ಚೀಟಿ ನಿಂತಿಲ್ಲ. ಅದರ ಕಂತು ತಿಂಗಳಿಗೆ ನಾಲ್ಕು ಸಾವಿರ. ಬಾಡಿಗೆ, ಚೀಟಿ, ಹಾಸ್ಟೆಲ್, ಮಗಳ ಕೈಖರ್ಚು ಕಳೆದರೆ ಊಟ, ಬಸ್ಸು, ಫೋನು, ಔಷಧಿಗೆ ಉಳಿಯುವುದು ಆರು ಸಾವಿರ. ಕಾಲೇಜು ಫೀಸಿಗೆ ಬ್ಯಾಂಕ್ ಸಾಲ ಆಗಿದೆ, ಪುಣ್ಯ. ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ಖಾತೆಗೆ ಬಿದ್ದ ತಿಂಗಳು ಅದನ್ನು ಅವರು ಆ ಡೈರಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆಯುತ್ತಾರೆ.

ಇಂಥವರಿಗೆ ಸಿಗುವ ಮೊದಲ ಸಲಹೆ: ‘ಸಿಂಗಲ್ ಬೆಡ್‌ರೂಮಿಗೆ ಹೋಗಿಬಿಡಿ.’ ಹೇಳುವವರಿಗೆ ಅದು ಒಂದು ಟೆಂಪೊ ಬಾಡಿಗೆಯ ಮಾತು.

ಬೆಂಗಳೂರಿನಲ್ಲಿ ಮನೆ ಬದಲಿಸುವುದರ ಕಷ್ಟ ಸಾಮಾನು ಹೊರುವುದರಲ್ಲಿ ಇಲ್ಲ, ಅಡ್ವಾನ್ಸಿನಲ್ಲಿದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಈ ಊರಿನ ಹಳೆಯ ರೂಢಿ. ಈಗ ಹಲವು ಕಡೆ ಐದಾರು ತಿಂಗಳಿಗೆ ಇಳಿದಿದೆ. ಆ ಹಣಕ್ಕೆ ಬಡ್ಡಿಯಿಲ್ಲ. ಒಂಟಿ ತಾಯಂದಿರ ಮಟ್ಟಿಗಂತೂ ಎಷ್ಟೋ ಸಲ ಜೀವಮಾನದ ಉಳಿತಾಯ ಎಂದರೆ ಅದೇ, ಓನರ ಹತ್ತಿರ ಮಲಗಿರುವ ಒಂದು ಲಕ್ಷ. ಸಣ್ಣ ಮನೆಗೆ ಹೋದರೆ ಅದರಲ್ಲಿ ಒಂದಿಷ್ಟು ಕೈಗೆ ಬರುತ್ತದೆ ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಬರುವುದಿಲ್ಲ. ಹೇಗೆಂದು ನೋಡಿ.

ಹಳೆಯ ಅಡ್ವಾನ್ಸ್ 1,00,000. ಖಾಲಿ ಮಾಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ, 16,000. ಉಳಿದದ್ದು 84,000. ಅದೇ ಬಡಾವಣೆಯಲ್ಲಿ ಒಂದು ಕೋಣೆಯ ಮನೆ 11,000ಕ್ಕೆ ಸಿಕ್ಕಿತು ಎನ್ನಿ. ಅದರ ಅಡ್ವಾನ್ಸ್ 80,000. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ 11,000. ಟೆಂಪೊ, ಸಾಮಾನು ಇಳಿಸುವವರು, ಗೀಸರ್ ಬಿಚ್ಚಿ ಕೂರಿಸುವ ಪ್ಲಂಬರು, ಎಲ್ಲ ಸೇರಿ ಆರು ಸಾವಿರ. ಪೇಂಟಿಂಗ್ ಸೇರಿಸಿ ಒಟ್ಟು ಖರ್ಚು 33,000. ತಿಂಗಳಿಗೆ ಉಳಿಯುವುದು ಐದು ಸಾವಿರ. ಅಂದರೆ ಏಳನೇ ತಿಂಗಳವರೆಗೆ ಹಾಕಿದ ಹಣವೇ ಮರಳುವುದಿಲ್ಲ. ಹನ್ನೊಂದು ತಿಂಗಳ ಕರಾರು ಮುಗಿಯುವ ಹೊತ್ತಿಗೆ ಲಾಭ 22,000. ಅಷ್ಟರಲ್ಲಿ ಹೊಸ ಓನರು ಬಾಡಿಗೆ ಏರಿಸುವ ಮಾತು ತೆಗೆದಿರುತ್ತಾರೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹೊಸ ಮನೆಯವರು ಅಡ್ವಾನ್ಸ್ ಪೂರ್ತಿ ಕೈಗೆ ಬಂದ ಮೇಲೆ ಬೀಗದ ಕೈ ಕೊಡುತ್ತಾರೆ. ಹಳೆಯ ಮನೆಯವರು ಬೀಗದ ಕೈ ಕೈಗೆ ಬಂದ ಮೇಲೆ ಅಡ್ವಾನ್ಸ್ ಕೊಡುತ್ತಾರೆ. ‘ಹೊಸ ಬಾಡಿಗೆಯವರು ಬರಲಿ, ಅವರ ಅಡ್ವಾನ್ಸ್ ಬಂದ ತಕ್ಷಣ ನಿಮ್ಮದು ಕೊಟ್ಟುಬಿಡ್ತೀನಮ್ಮ’ ಎನ್ನುವವರೂ ಇದ್ದಾರೆ. ನಡುವಿನ ಆ ಎರಡೋ ನಾಲ್ಕೋ ವಾರಕ್ಕೆ 80,000 ಎಲ್ಲಿಂದ ತರಬೇಕು? ಬಳೆ ಅಡ ಇಡಬೇಕು. ಕೈಯಲ್ಲಿ ಹಣವಿರುವವರು ಮಾತ್ರ ಕಡಿಮೆ ಬಾಡಿಗೆಯ ಮನೆಗೆ ಹೋಗಬಲ್ಲರು ಎಂಬುದು ಈ ವ್ಯವಸ್ಥೆಯ ತಮಾಷೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆದಾರಿಕೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯಬಾರದು ಎಂದಿದೆ. ಮಾದರಿ ಎಂದರೆ ಮಾದರಿ ಅಷ್ಟೆ, ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರೆ ಉಂಟು. ನಮ್ಮ ಓನರುಗಳ ರೂಢಿಯ ಮೇಲೆ ಅದರ ನೆರಳೂ ಬಿದ್ದಿಲ್ಲ.

ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ, 1999ರದು. ಆದರೆ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇವತ್ತು 3,500ಕ್ಕೆ ಈ ಊರಲ್ಲಿ ಕಾರು ನಿಲ್ಲಿಸುವ ಜಾಗ ಸಿಗಬಹುದು. ಹಾಗಾಗಿ ನಮ್ಮಲ್ಲಿ ಬಹುತೇಕ ಎಲ್ಲರ ಬಾಡಿಗೆ ಬದುಕು ನಡೆಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಸ್ಟಾಂಪ್ ಪೇಪರಿನ ಮೇಲೆ ಟೈಪಾದ ಆ ಎರಡು ಹಾಳೆಗಳ ಮೇಲೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ ಎಂದು ಆ ಕಾಯ್ದೆ ಹೇಳುವುದರಿಂದಲೇ ಎಲ್ಲರ ಕರಾರೂ ಹನ್ನೊಂದು ತಿಂಗಳದ್ದು. ಕರಾರಿನಲ್ಲಿ ವರ್ಷಕ್ಕೆ ಇಷ್ಟು ಪರ್ಸೆಂಟ್ ಏರಿಕೆ ಎಂದು ಬರೆದಿದ್ದರೆ ಅದೇ ಶಾಸನ. ಬರೆಯದಿದ್ದರೆ ಓನರ ಬಾಯಿಮಾತೇ ಶಾಸನ.

ಇಷ್ಟಾದರೂ ಮನೆ ಹುಡುಕಲು ಹೊರಟರು ಎನ್ನಿ. ‘ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು ಎದುರಾಗುತ್ತದೆ. ಮಗಳು ಜೊತೆಗಿದ್ದಾಗ ತಾಯಿ-ಮಗಳು ಹೇಗೋ ಫ್ಯಾಮಿಲಿ ಅನ್ನಿಸಿಕೊಳ್ಳುತ್ತಿದ್ದರು. ಈಗ ಮೊದಲ ಪ್ರಶ್ನೆ ‘ಯಜಮಾನರು ಏನ್ಮಾಡ್ತಾರೆ?’, ಎರಡನೆಯದು ‘ಮತ್ತೆ ಯಾರ‍್ಯಾರು ಇರ್ತೀರಾ?’ ಒಬ್ಬಳೇ ಎಂದ ಕೂಡಲೇ ಒಳಗಿನಿಂದ ಓನರ ಹೆಂಡತಿ ಬರುತ್ತಾರೆ, ತಲೆಯಿಂದ ಕಾಲಿನವರೆಗೆ ನೋಡುತ್ತಾರೆ. ರಾತ್ರಿ ಪಾಳಿಯ ಕೆಲಸ ಎಂದರಂತೂ ಮಾತು ಮುಗಿಯಿತು. ಗಂಡಸರ ಪಾಡೂ ಹೆಚ್ಚು ಬೇರೆಯಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಒಬ್ಬರೇ ಬೆಳೆಸಿದ ಮೇಷ್ಟರೊಬ್ಬರನ್ನು ಬಲ್ಲೆ. ಮಗಳು ಮಂಗಳೂರಿನ ಹಾಸ್ಟೆಲ್ ಸೇರಿದ್ದೇ ತಡ, ಐವತ್ತೆರಡನೇ ವಯಸ್ಸಿನಲ್ಲಿ ಅವರು ಬ್ಯಾಚುಲರ್ ಆಗಿಬಿಟ್ಟರು. ‘ಬ್ಯಾಚುಲರ್ಸ್‌ಗೆ ಕೊಡಲ್ಲ ಸಾರ್’ ಎಂದು ಅವರದೇ ಹಳೆಯ ವಿದ್ಯಾರ್ಥಿಯೊಬ್ಬ ಗೇಟಿನಿಂದಲೇ ಕಳಿಸಿದನಂತೆ. ಒಂದು ಕಾಲದಲ್ಲಿ ವಠಾರಗಳಿದ್ದವು. ಒಂದು ಕೋಣೆ, ಒಂದು ಅಡುಗೆಮನೆ, ಹೊರಗೆ ಸಾಲು ಬಚ್ಚಲು. ಒಂಟಿಯಾಗಿ ಬಂದವರನ್ನು ನೋಡಿಕೊಳ್ಳಲು ಹತ್ತು ಮನೆಯ ಕಣ್ಣು. ಆ ಕಣ್ಣುಗಳ ಕಾಟವೂ ಕಡಿಮೆಯಿರಲಿಲ್ಲ, ವಠಾರವನ್ನು ನೆನೆದು ಕಣ್ಣೀರು ಹಾಕುವವನು ನಾನಲ್ಲ. ಆದರೆ ನಡುವಯಸ್ಸಿನ ಒಬ್ಬರಿಗೆ ಕೈಗೆಟುಕುವ ಮನೆ ಎಂಬ ವರ್ಗವೇ ಈಗ ಪೇಟೆಯಲ್ಲಿಲ್ಲ. ಒಂದೋ ಇಪ್ಪತ್ತರ ಹುಡುಗಿಯರ ಪಿ.ಜಿ., ಇಲ್ಲವೋ ಫ್ಯಾಮಿಲಿ ಮನೆ.

ಕೇಂದ್ರದ ಯೋಜನೆಯೊಂದು ಇದೆ, ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್. ಈಗಿನ ಹೆಸರು ಸಖಿ ನಿವಾಸ. ವಿಧವೆಯರು, ವಿಚ್ಛೇದಿತೆಯರು, ಗಂಡನಿಂದ ಬೇರೆಯಾದವರು ಎಲ್ಲರಿಗೂ ಅಲ್ಲಿ ಪ್ರವೇಶ. ಒಬ್ಬರೇ ಇರುವ ಕೋಣೆಗೆ ಸಂಬಳದ ಶೇ 15, ಇಬ್ಬರ ಕೋಣೆಗೆ ಶೇ 10ಕ್ಕಿಂತ ಹೆಚ್ಚು ಬಾಡಿಗೆ ಪಡೆಯುವಂತಿಲ್ಲ ಎಂಬುದು ನಿಯಮ. ಹದಿನಾರು ಸಾವಿರ ಕೊಡುವವರಿಗೆ ಐದು ಸಾವಿರದ ಆಸುಪಾಸಿನಲ್ಲಿ ಕೋಣೆ! ಆದರೆ ಇದು ಕೆಲವು ವರ್ಷಗಳ ತಂಗುದಾಣ, ಮನೆಯಲ್ಲ. ಹೆಣ್ಣುಮಗುವನ್ನು ಹದಿನೆಂಟರವರೆಗೆ, ಗಂಡುಮಗುವನ್ನು ಹನ್ನೆರಡರವರೆಗೆ ಮಾತ್ರ ಜೊತೆಗಿಟ್ಟುಕೊಳ್ಳಬಹುದು. ಹತ್ತೊಂಬತ್ತರ ಮಗಳು ದೀಪಾವಳಿಗೆ ಬಂದರೆ ಎಲ್ಲಿ ಮಲಗಬೇಕು? ಈಗಿನ ಮನೆಯ ಆ ಎರಡನೇ ಕೋಣೆ ವರ್ಷದಲ್ಲಿ ಒಂಬತ್ತು ತಿಂಗಳು ಖಾಲಿ ಎಂಬುದು ನಿಜ. ಉಳಿದ ಮೂರು ತಿಂಗಳೂ ಅಷ್ಟೇ ನಿಜ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಹಾಸನ, ಶಿವಮೊಗ್ಗ, ದಾವಣಗೆರೆಯ ಹಾಸ್ಟೆಲ್ ಹುಡುಗಿಯರು ಶನಿವಾರ ಹೊರಟು ಭಾನುವಾರ ಮರಳುವುದು ಸುಲಭವಾಗಿದೆ. ಗಂಡುಹುಡುಗರ ಅಮ್ಮಂದಿರು ಈ ವಿಷಯದಲ್ಲಿ ಸರ್ಕಾರದ ಮೇಲೆ ಸ್ವಲ್ಪ ಮುನಿಸಿಕೊಂಡಿದ್ದಾರೆ.

ಕಾನೂನಿನ ಲೆಕ್ಕದಲ್ಲಿಯೂ ಹದಿನೆಂಟು ಎಂಬುದು ಬಾಗಿಲು ಮುಚ್ಚುವ ವಯಸ್ಸು. ಗಂಡನಿಂದ ದೂರವಾದವರಿಗೆ ಮಕ್ಕಳ ಜೀವನಾಂಶ ಬರುತ್ತಿದ್ದರೆ, ಬಹುಪಾಲು ಆದೇಶಗಳು ಹಿಂದಿನ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನವು. ಅದರ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ಎರಡೂ ಅಪ್ರಾಪ್ತ ಮಕ್ಕಳ ಮಾತಾಡುತ್ತವೆ. ಹದಿನೆಂಟು ತುಂಬಿದ ಮೇಲೆ ದೈಹಿಕ ಅಥವಾ ಮಾನಸಿಕ ನ್ಯೂನತೆ ಇದ್ದರೆ ಮಾತ್ರ ಜೀವನಾಂಶ. ಪಿಯುಸಿ ಮುಗಿಯುವುದೂ ಹದಿನೆಂಟಕ್ಕೇ. ಹಾಸ್ಟೆಲಿನ ಮೊದಲ ಕಂತು ಕಟ್ಟಬೇಕಾದ ಹೊತ್ತಿನಲ್ಲೇ ಅಪ್ಪನ ಕಡೆಯ ಹಣ ನಿಲ್ಲುತ್ತದೆ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ 20ನೇ ಕಲಮಿನಲ್ಲಿ ತನ್ನನ್ನು ತಾನು ಸಾಕಿಕೊಳ್ಳಲಾಗದ ಅವಿವಾಹಿತ ಮಗಳಿಗೆ ಮದುವೆಯವರೆಗೂ ಹಕ್ಕಿದೆ, 2020ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿದೆ. ಆದರೆ ಅದಕ್ಕೆ ಬೇರೆಯದೇ ಅರ್ಜಿ, ಬೇರೆಯದೇ ವಕೀಲರ ಫೀಸು, ಮತ್ತೆ ಕೌಟುಂಬಿಕ ನ್ಯಾಯಾಲಯದ ಬೆಂಚು. ಮಗನಾದರೆ ಆ ದಾರಿಯೂ ಇಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಸಹಿ ಹಾಕುವಾಗ ಮಕ್ಕಳು ಎರಡನೇ ಕ್ಲಾಸಿನಲ್ಲಿರುತ್ತಾರೆ; ‘ಪದವಿ ಮುಗಿಯುವವರೆಗೆ’ ಎಂಬ ಎರಡು ಪದ ಒಪ್ಪಂದದಲ್ಲಿ ಸೇರಬೇಕು ಎಂದು ಆಗ ಯಾರಿಗೂ ಹೊಳೆಯುವುದಿಲ್ಲ. ಇಂದು ಸಹಿ ಹಾಕಲಿರುವವರು ಇದನ್ನೊಮ್ಮೆ ವಕೀಲರ ಮುಂದಿಡಲಿ. ಬಾಡಿಗೆಯ ಮಟ್ಟಿಗೆ ಹೆಚ್ಚು ಜನರಿಗೆ ಗೊತ್ತಿಲ್ಲದ ಇನ್ನೊಂದು ಮಾತಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 19ನೇ ಕಲಮಿನಡಿ, ಮಹಿಳೆಗೆ ಅಂಥದ್ದೇ ಮಟ್ಟದ ಬೇರೆ ವಸತಿ ಒದಗಿಸುವಂತೆ ಇಲ್ಲವೇ ಅದರ ಬಾಡಿಗೆ ಕಟ್ಟುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಅದು ತಾಯಿಯ ಹಕ್ಕು, ಮಗುವಿನ ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಗಂಡ ತೀರಿಕೊಂಡವರ ಪಾಲಿಗೆ ಇದ್ಯಾವುದೂ ಇಲ್ಲ. ವಿಧವಾ ವೇತನ ಇಂದಿಗೂ ಮೂರಂಕಿಯ ಹಣ, ಅದೂ ಆದಾಯದ ಮಿತಿಯೊಳಗಿದ್ದರೆ.

ಓದಿನ ಖರ್ಚಿಗೆ ಇರುವ ದಾರಿಗಳನ್ನು ಪೂರ್ತಿ ಬಳಸಿಕೊಳ್ಳದೆ ಬಾಡಿಗೆಯನ್ನು ಹಿಂಡಲು ಹೋಗುವುದು ದೊಡ್ಡ ತಪ್ಪು ಎಂದು ನನ್ನ ಅನಿಸಿಕೆ. ಬಹಳ ತಾಯಂದಿರು ಮಾಡುವುದು ಇದನ್ನೇ, ಸಾಲವೆಂದರೆ ಭಯ ಅವರಿಗೆ. ಶೈಕ್ಷಣಿಕ ಸಾಲ ನಾಲ್ಕು ಲಕ್ಷದವರೆಗೆ ಇದ್ದರೆ ಕೈಯಿಂದ ಪಾಲು ಹಾಕಬೇಕಿಲ್ಲ, ಏಳೂವರೆ ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ. ಅದರಲ್ಲಿ ಕಾಲೇಜು ಫೀಸಿನ ಜೊತೆ ಹಾಸ್ಟೆಲ್ ಫೀಸೂ ಸೇರುತ್ತದೆ. ಅರ್ಜಿ ಹಾಕುವ ದಿನವೇ ಸೇರಿಸಬೇಕು, ನಡುವೆ ಸೇರಿಸಲು ಹೋದರೆ ಮ್ಯಾನೇಜರರ ಮುಖ ನೋಡಬೇಕು. ಕುಟುಂಬದ ಆದಾಯ ನಾಲ್ಕೂವರೆ ಲಕ್ಷದೊಳಗಿದ್ದು, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ವೃತ್ತಿಪರ ಕೋರ್ಸ್ ಓದುತ್ತಿದ್ದರೆ ಓದು ಮುಗಿದು ಒಂದು ವರ್ಷದವರೆಗಿನ ಬಡ್ಡಿಯನ್ನು ಕೇಂದ್ರ ಭರಿಸುವ ಯೋಜನೆಯಿದೆ. ಸಿಇಟಿಯಲ್ಲಿ ಎಸ್‌ಎನ್‌ಕ್ಯೂ ಎಂಬ ಕೋಟಾ ಇದೆ. ಎಂಟು ಲಕ್ಷದೊಳಗಿನ ಆದಾಯದವರಿಗೆ ಬೋಧನಾ ಶುಲ್ಕದ ವಿನಾಯಿತಿ. ಹಿಂದುಳಿದ ವರ್ಗಗಳ ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿಯಲ್ಲಿ ಊಟ-ವಸತಿಗೆಂದು ಹತ್ತು ತಿಂಗಳು ಹಣ ಬರುತ್ತದೆ. ಹೀಗೆ ಹಾಸ್ಟೆಲಿನ ಆರೂವರೆ ಸಾವಿರವನ್ನು ಸಾಲದ ಖಾತೆಗೆ ದಾಟಿಸಿದರೆ, ಮನೆ ಬದಲಿಸಿ ಉಳಿಸುವ ಐದು ಸಾವಿರಕ್ಕಿಂತ ಹೆಚ್ಚೇ ಉಳಿಯುತ್ತದೆ. ಸಾಲ ತೀರಿಸುವುದು ಮುಂದೆ ಕೆಲಸಕ್ಕೆ ಸೇರುವ ಮಗಳು. ‘ಅವಳ ತಲೆ ಮೇಲೆ ಸಾಲ ಹೊರಿಸಲಾ?’ ಎಂಬ ಪ್ರಶ್ನೆ ಏಳುತ್ತದೆ, ಗೊತ್ತು. ಬಳೆ ಅಡವಿಟ್ಟು, ಶುಗರ್ ಮಾತ್ರೆ ದಿನ ಬಿಟ್ಟು ದಿನ ನುಂಗುವ ಅಮ್ಮ ಮಗಳಿಗೆ ಯಾವ ಸಾಲಕ್ಕಿಂತ ಹಗುರ?

ಭೋಗ್ಯದ ಮಾತನ್ನೂ ಆಡಿಬಿಡಬೇಕು, ಏಕೆಂದರೆ ಬ್ರೋಕರುಗಳು ಒಂಟಿ ಹೆಂಗಸರಿಗೆ ಮೊದಲು ತೋರಿಸುವುದೇ ಅದನ್ನು. ಹತ್ತು ಲಕ್ಷವೋ ಹದಿನೈದು ಲಕ್ಷವೋ ಒಟ್ಟಿಗೆ ಕೊಟ್ಟರೆ ಬಾಡಿಗೆಯೇ ಇಲ್ಲ, ಬಿಡುವಾಗ ಹಣ ವಾಪಸ್. ಪಿ.ಎಫ್. ಹಣ, ತವರಿನವರು ಕೊಟ್ಟ ಪಾಲು, ಗಂಡನ ವಿಮೆ ಕೈಯಲ್ಲಿರುವವರಿಗೆ ಇದು ಸ್ವರ್ಗದಂತೆ ಕಾಣುತ್ತದೆ. ಓನರು ಆ ಕಟ್ಟಡದ ಮೇಲೆ ಬ್ಯಾಂಕಿನಿಂದ ಸಾಲ ಎತ್ತಿ, ಕಂತು ಕಟ್ಟದೆ, ಕೊನೆಗೆ ಬ್ಯಾಂಕಿನವರು ಬಾಗಿಲಿಗೆ ನೋಟಿಸು ಅಂಟಿಸಿದಾಗ ಭೋಗ್ಯದವರು ಬೀದಿಗೆ ಬಿದ್ದ ಪ್ರಕರಣಗಳು ಬೆಂಗಳೂರಿನಲ್ಲಿ ಆಗುತ್ತಲೇ ಇವೆ. ಋಣಭಾರ ಪ್ರಮಾಣಪತ್ರ ತೆಗೆಸಿ ನೋಡದೆ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕರಾರು ನೋಂದಾಯಿಸದೆ ಒಂದು ರೂಪಾಯಿಯನ್ನೂ ಕೊಡಬಾರದು. ನೋಂದಣಿ ಎಂದ ಕೂಡಲೇ ಓನರು ಮುಖ ತಿರುಗಿಸಿದರೆ ಅಲ್ಲಿಗೆ ಆ ಮನೆಯ ಕಥೆ ಮುಗಿಯಿತು ಎಂದೇ ತಿಳಿಯಬೇಕು.

ಇಬ್ಬರು ಒಂಟಿ ತಾಯಂದಿರು ಸೇರಿ ಒಂದು ಮನೆ ಹಿಡಿಯುವುದು ಕಾಗದದ ಮೇಲೆ ಎಲ್ಲಕ್ಕಿಂತ ಒಳ್ಳೆಯ ಉಪಾಯ. ಎರಡು ಕೋಣೆ, ಎಂಟೆಂಟು ಸಾವಿರ. ಆಗಿದ್ದನ್ನು ನೋಡಿದ್ದೇನೆ, ಮುರಿದದ್ದನ್ನೂ ನೋಡಿದ್ದೇನೆ. ಮುರಿಯುವುದು ದೊಡ್ಡ ಕಾರಣಕ್ಕಲ್ಲ, ಒಬ್ಬರ ಮಗ ರಜೆಗೆ ಬಂದಾಗ. ಇರುವ ಮನೆಯಲ್ಲೇ ಒಂದು ಕೋಣೆಯನ್ನು ಕೆಲಸಕ್ಕೆ ಹೋಗುವ ಹುಡುಗಿಗೆ ಕೊಡುವವರೂ ಇದ್ದಾರೆ. ಒಳಬಾಡಿಗೆ ಕೂಡದು ಎಂದು ಕರಾರಿನಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ, ಆದ್ದರಿಂದ ಓನರಿಗೆ ಹೇಳಿ, ಬರಹದಲ್ಲಿ ಒಪ್ಪಿಗೆ ಪಡೆದೇ ಮಾಡಬೇಕು. ಹೊಸ ಮನೆಗೇ ಹೋಗುವುದಾದರೆ ಹಳೆಯ ಮನೆಯ ವಿದ್ಯುತ್ ಮೀಟರಿನ ಆರ್.ಆರ್. ನಂಬರಿನಿಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿಯನ್ನು ಬಿಡಿಸಿ ಹೊಸದಕ್ಕೆ ಜೋಡಿಸುವುದನ್ನು ಮರೆಯಬಾರದು. ಮರೆತವರು ಎರಡು ತಿಂಗಳು ಪೂರ್ತಿ ಬಿಲ್ಲು ಕಟ್ಟಿ ಆಮೇಲೆ ಓಡಾಡುತ್ತಾರೆ.

ಆಸ್ಪತ್ರೆಯ ಕೌಂಟರಿನವರು ಮನೆ ಬಿಡಲಿಲ್ಲ. ಕರಾರು ಮುಗಿಯುವ ಎರಡು ತಿಂಗಳು ಮೊದಲೇ ಓನರ ಮನೆಗೆ ಹೋಗಿ ಕೂತರು. ‘ಅಂಕಲ್, ಒಂಬತ್ತು ವರ್ಷದಿಂದ ಒಂದು ತಿಂಗಳೂ ಐದನೇ ತಾರೀಕು ದಾಟಿಸಿಲ್ಲ. ನಾನು ಬಿಟ್ಟರೆ ನಿಮಗೂ ಒಂದು ತಿಂಗಳು ಮನೆ ಖಾಲಿ ಬೀಳುತ್ತೆ. ಈ ವರ್ಷ ಏರಿಸಬೇಡಿ, ಒಳಗಿನ ಸುಣ್ಣ-ಬಣ್ಣ ನಾನೇ ಮಾಡಿಸ್ಕೋತೀನಿ.’ ಓನರು ಲೆಕ್ಕ ಬಲ್ಲವರು, ನಿವೃತ್ತ ಬ್ಯಾಂಕ್ ನೌಕರರು. ಒಂದು ವರ್ಷ ಎಂದು ಒಪ್ಪಿದರು. ಹಾಸ್ಟೆಲ್ ಫೀಸನ್ನು ಎರಡನೇ ವರ್ಷದಿಂದ ಸಾಲಕ್ಕೆ ಸೇರಿಸಿಕೊಳ್ಳಲು ಬ್ಯಾಂಕಿಗೆ ಮೂರು ಸಲ ಅಲೆದು ಮಾಡಿಸಿಕೊಂಡರು. ಮಗಳ ಕೋಣೆಯಲ್ಲಿ ಈಗ ಅದೇ ಆಸ್ಪತ್ರೆಯ ನರ್ಸೊಬ್ಬಳು ಐದು ಸಾವಿರಕ್ಕೆ ಇದ್ದಾಳೆ, ಓನರಿಗೆ ಗೊತ್ತಿದೆ. ಮಗಳು ಬಂದಾಗ ಅಮ್ಮನ ಜೊತೆ ಹಾಲಿನಲ್ಲಿ ಮಲಗುತ್ತಾಳೆ, ಮೊದಮೊದಲು ಮುಖ ಊದಿಸಿಕೊಂಡಿದ್ದಳಂತೆ. ಕೊನೆಯ ವರ್ಷ ಇಂಟರ್ನ್‌ಶಿಪ್ಪಿಗೆ ಅವಳು ಬೆಂಗಳೂರಿಗೇ ಬರುವ ಸಾಧ್ಯತೆ ಹೆಚ್ಚು, ಆಗ ಕೋಣೆ ಬೇಕು. ಒಂದು ಕೋಣೆಯ ಮನೆಗೆ ಹೋಗಿದ್ದರೆ ಆಗ ಮತ್ತೆ ಟೆಂಪೊ, ಮತ್ತೆ ಬ್ರೋಕರು, ಅದೂ ಆ ಹೊತ್ತಿನ ದರದಲ್ಲಿ. ಬರುವ ಜೂನ್‌ಗೆ ಹಳೆಯ ಚೀಟಿ ಮುಗಿಯುತ್ತದೆ. ಹೊಸದೊಂದಕ್ಕೆ ಈಗಾಗಲೇ ಹೆಸರು ಕೊಟ್ಟಿದ್ದಾರೆ. ಈ ಸಲ ಕೊನೆಯವರೆಗೂ ಎತ್ತುವುದಿಲ್ಲವಂತೆ.